ಎಡಗಡೆಯ ಸ್ಪೀಕರ್

ಶಿಕಾರಿಪುರ
೧೮ ನವೆಂಬರ್ ೨೦೨೪, ಸೋಮವಾರ

ಸೌಭಾಗ್ಯವತಿ ಸರ್ವಮಂಗಳಾಗೆ ನಿನ್ನ ಮನೆಯವನ ಆಶೀರ್ವಾದಗಳು.

ಮಂಡಿನೋವು ಹೇಗಿದೆ? ಎಣ್ಣೆ ಬಾಟಲಿಯನ್ನು ಇಲ್ಲೇ ದೇವರ ಗೂಡಿನ ಪಕ್ಕ ಬಿಟ್ಟುಹೋಗಿದ್ದೀಯ. ಉಳವಿಯಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಊಟಕ್ಕೇನೂ ತೊಂದರೆಯಿಲ್ಲ, ಪಕ್ಕದ ಮನೆ ಲೋಕಮ್ಮ ರೊಟ್ಟಿ ತಂದುಕೊಡುತ್ತಾಳೆ. ಕೊಡುವಾಗ ಒಂದು ನೋಟ ನೋಡುತ್ತಾಳೆ ನೋಡು, ಹೆಂಡತಿಯನ್ನು ಓಡಿಸಿದ ಗಂಡಸನ್ನು ನೋಡುವ ನೋಟ. ನಾನೇನು ಮಾಡಿದೆ ಮಾರಾಯ್ತಿ? ಕೂತಲ್ಲಿ ಕೂರಲಾಗುತ್ತಿಲ್ಲ. ಬಾಡಿಗೆ ಇಲ್ಲದಿದ್ದರೂ ಗಾಡಿ ತೆಗೆದು ಸಂತೆ ಮೈದಾನದ ತನಕ ಹೋಗಿ ಸುಮ್ಮನೆ ವಾಪಸ್ ಬರುತ್ತೇನೆ. ತೊಳೆದ ಗಾಡಿಯನ್ನೇ ಮತ್ತೆ ತೊಳೆಯುತ್ತೇನೆ. ಈ ಕಾಗದ ಶುರು ಮಾಡಿ ಇಷ್ಟು ಬರೆಯುವಷ್ಟರಲ್ಲಿ ಎದ್ದು ಬಾಗಿಲು ನೋಡಿ ಬಂದೆ, ಯಾರೋ ಬಂದ ಹಾಗಾಯಿತು. ಬೆಕ್ಕು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ನಿನ್ನ ತಮ್ಮ ನಾಗರಾಜಪ್ಪ ಎತ್ತುತ್ತಾನೆ. ಯಾವ ಹೊತ್ತಿಗೆ ಮಾಡಿದರೂ ‘ಅಕ್ಕ ಕೆಲಸದಲ್ಲಿದಾಳೆ ಭಾವ’ ಅನ್ನುತ್ತಾನೆ. ಅಷ್ಟೊಂದು ಕೆಲಸ ಅವನ ಮನೆಗೆ ಎಲ್ಲಿಂದ ಬಂತೋ! ಹೋದ ವಾರ ಕೊನೆಗೂ ಬಾಯಿಬಿಟ್ಟ. ‘ಉಳವಿಗೆ ಹೋಗಿ ಇದ್ದುಬಿಡ್ಲಾ ಅಂತ ಅಕ್ಕ ಕೇಳಿದ್ದಕ್ಕೆ ನೀವೇ ಹೂಂ ಅಂದ್ರಂತಲ್ಲ ಭಾವ, ಈಸೂರಿಂದ ಬರೋವಾಗ.’ ನನಗೆ ಮೈಯೆಲ್ಲ ಉರಿದುಹೋಯಿತು. ನೀನು ಕೇಳಿಯೂ ಇಲ್ಲ, ನಾನು ಅಂದೂ ಇಲ್ಲ, ಇದೆಲ್ಲಿಯ ಕಟ್ಟುಕಥೆ ಅಂತ ಫೋನ್ ಕುಕ್ಕಿದೆ.

ಆಮೇಲೆ ತಲೆ ಓಡಿಸಿದೆ. ಇದೆಲ್ಲ ಹಾಡಿನ ಸಿಟ್ಟೇ ಇರಬೇಕು ಅನ್ನಿಸಿತು. ಅಡುಗೆಮನೆಯಲ್ಲಿ ಎದುರಿಗೆ ಕೂತು ಎಷ್ಟು ಸಲ ಹೇಳಿದ್ದೀಯ, ‘ಆ ಗಾಡೀಲಿ ಕಲ್ಲಿನ ಪಕ್ಕ ಕೂತಂಗಾಗ್ತದೆ ಕಣ್ರೀ, ಒಂದು ಟೇಪಾದ್ರೂ ಹಾಕ್ಸಿ’ ಅಂತ. ಇಂಜಿನ್ ಸದ್ದೇ ಸಾಕು ಅಂತ ನಾನು ತಳ್ಳಿಹಾಕುತ್ತಲೇ ಬಂದೆ. ಸರಿ, ಹಾಕಿಸಿಯೇ ಬಿಡೋಣ, ಹಾಡು ಹಚ್ಚಿಕೊಂಡೇ ಉಳವಿಗೆ ಹೋಗೋಣ, ಸದ್ದಿಗೆ ಅವಳೇ ಹೊರಗೆ ಬರಲಿ ಅಂದುಕೊಂಡು ಬಸ್‌ಸ್ಟ್ಯಾಂಡ್ ಹಿಂದೆ ಸ್ಟೀರಿಯೋ ಕೂರಿಸುವ ಚನ್ನೇಶನ ಅಂಗಡಿಗೆ ಗಾಡಿ ಒಯ್ದೆ.

ಅವನು ಡ್ಯಾಶ್‌ಬೋರ್ಡ್ ಬಿಚ್ಚಿದವನೇ ತಲೆ ಚಚ್ಚಿಕೊಂಡ. ‘ಯಜಮಾನ್ರೆ, ಇದು ವೈರಿಂಗಲ್ರೀ, ಇಲಿ ಗೂಡು!’ ಟೇಪ್ ಕೂರಿಸುವ ಖಾಲಿ ಜಾಗದಲ್ಲಿ ನೀನು ತುರುಕಿಟ್ಟಿದ್ದ ವಿಭೂತಿ ಗಟ್ಟಿ, ಸೇಫ್ಟಿ ಪಿನ್ನು, ಲವಂಗದ ಪೊಟ್ಟಣ ಎಲ್ಲ ಹೊರಗೆ ಬಂದವು, ತೆಗೆದು ಜೇಬಿಗೆ ಹಾಕಿಕೊಂಡೆ. ಹೊಸ ಸೆಟ್ಟು ಹಿಡಿಸಲು ತಗಡು ಕತ್ತರಿಸಿದ, ಬ್ಯಾಟರಿಯಿಂದ ಬೇರೆ ವೈರು ಎಳೆದು ಫ್ಯೂಸ್ ಕೂರಿಸಿದ, ಎರಡೂ ಬಾಗಿಲಿಗೆ ತೂತು ಕೊರೆದು ಸ್ಪೀಕರ್ ಬಿಗಿದ. ನಾನು ಅವನ ಬೆನ್ನಿಗೇ ಅಂಟಿಕೊಂಡು ನಿಂತಿದ್ದೆ ಅನ್ನು. ‘ಒಂಚೂರು ಚಾ ಕುಡ್ದು ಬರ್ರಿ, ನೀವು ಹಿಂಗೆ ಚಡಪಡಿಸಿದ್ರೆ ನನ್ನ ಕೆಲ್ಸ ಸಾಗಂಗಿಲ್ರೀ’ ಅಂದ. ಹೋಗಲಿಲ್ಲ.

ಕೊನೆಗೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಇಂಜಿನ್ ಚಾಲೂ ಇಟ್ಟೇ ನೋಡಬೇಕು, ಇಲ್ಲದಿದ್ದರೆ ಗುಂಯ್ ಅನ್ನುವ ಸದ್ದು ಸೇರಿಕೊಂಡಿದ್ದು ಗೊತ್ತಾಗುವುದಿಲ್ಲ ಅಂದ. ಮೊದಲು ಬಲಗಡೆಯದನ್ನು ಹಚ್ಚಿದ. ಆಹಾ, ಚೆನ್ನಾಗಿತ್ತು. ಆಮೇಲೆ ಎಡಗಡೆಯದೊಂದನ್ನೇ ಹಚ್ಚಿದ. ನಿನ್ನ ಸ್ಪೀಕರ್ ಸತ್ತಿದೆಯಪ್ಪಾ ಅಂದೆ. ಪಾಪ, ಬಿಚ್ಚಿದ, ವೈರು ಬದಲಿಸಿದ. ಇನ್ನೂ ಸತ್ತಿದೆ ಅಂದೆ. ಬಲಗಡೆಯದನ್ನೇ ತಂದು ಎಡಕ್ಕೆ ಹಾಕಿದ. ಅದೂ ಸತ್ತಿತು! ಹಳೇ ಮಾಲು ಹಾಕುತ್ತೀಯೇನೋ ಅಂತ ನಾಲ್ಕು ಜನ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವನು ನನ್ನ ಕೈ ಹಿಡಿದು ಎಡಬಾಗಿಲಿನ ಸ್ಪೀಕರ್ ಮೇಲೆ ಇಟ್ಟ. ಅಂಗೈ ಕೆಳಗೆ ಅದು ಗಡಗಡ ನಡುಗುತ್ತಿತ್ತು. ‘ಹಾಡ್ತಾ ಐತ್ರಿ ಯಜಮಾನ್ರೆ’ ಅಂತ ನನ್ನ ಬಲಗಿವಿಯ ಹತ್ತಿರ ಬಂದು ಹೇಳಿದ. ಸ್ಟೀರಿಂಗಿಗೆ ಬೆನ್ನು ಮಾಡಿ, ಹಿಂದಕ್ಕೆ ಮುಖ ಹಾಕಿ ಕೂತೆ. ಆಗ ಕೇಳಿಸಿತು, ಅಷ್ಟೂ ಹಾಡು.

ನನ್ನ ಎಡಗಿವಿ ಹೋಗಿದೆ ಮಂಗಳಾ. ಇಂಜಿನ್ ಪೆಟ್ಟಿಗೆ ನಮ್ಮಿಬ್ಬರ ಸೀಟಿನ ನಡುವೆಯೇ ಇರುವ ಗಾಡಿ, ಇಷ್ಟು ವರ್ಷದ ಅದರ ಅಬ್ಬರವನ್ನೆಲ್ಲ ಈ ಕಿವಿಯೇ ತಿಂದಿದೆ. ಯಾವಾಗ ಹೋಯಿತೋ ಗೊತ್ತಿಲ್ಲ. ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತೇನಲ್ಲ, ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆ ಸ್ಪೀಕರ್ ಇರುವ ಬಾಗಿಲಿಗೆ ಆತುಕೊಂಡೇ ನೀನು ಕೂರುತ್ತಿದ್ದದ್ದು. ಈ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಅಂದುಕೊಂಡಿದ್ದೆ. ಚನ್ನೇಶನಿಗೆ ಕೇಳಿಸುತ್ತಿತ್ತಲ್ಲ! ನಿನ್ನ ತುಟಿ ಅಲ್ಲಾಡಿದಾಗಲೆಲ್ಲ ಏನೋ ಮನೆ ವಿಷಯ ಇರಬೇಕು ಅಂತ ರಸ್ತೆ ನೋಡುತ್ತಲೇ ಹೂಂ ಅನ್ನುತ್ತಿದ್ದೆ. ಈಸೂರಿಂದ ಬರುವ ದಿನ ನೀನು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ಕಂಡಿತ್ತು. ಹಿಂದೆ ಹೇರಿದ್ದ ಮೆಕ್ಕೆಜೋಳದ ಧೂಳು ಅಂದುಕೊಂಡೆ. ಅಂಗಡಿಯಲ್ಲೇ ಅಳು ಬಂತು ನನಗೆ, ಚನ್ನೇಶ ಪಾಪ ಆ ಕಡೆ ತಿರುಗಿ ಸ್ಕ್ರೂ ಹುಡುಕುವ ಹಾಗೆ ಮಾಡಿದ.

ಕಿವಿ ಡಾಕ್ಟರಿಗೆ ತೋರಿಸುತ್ತೇನೆ, ಬಯ್ಯಬೇಡ. ಲವಂಗದ ಪೊಟ್ಟಣ ಜೇಬಿನಲ್ಲೇ ಇದೆ. ನಾಗರಾಜಪ್ಪನ ಮೇಲೆ ಸುಮ್ಮನೆ ರೇಗಿದೆ, ಅವನಿಗೂ ಮನೆಯವರಿಗೂ ನನ್ನ ಶರಣು ತಿಳಿಸು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಪರಮಶಿವಪ್ಪ

ತಾ.ಕ.: ಬಸ್‌ಸ್ಟ್ಯಾಂಡಿನಲ್ಲಿ ಗಾಡಿಯ ಇಂಜಿನ್ ಪೆಟ್ಟಿಗೆ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಬಯ್ಯಬೇಡ, ಉಳವಿ ಬಸ್ಸಿನ ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ. ನೀನು ಕೇಳಿದ್ದು ನಿಜ, ನಾನು ಹೂಂ ಅಂದದ್ದೂ ನಿಜವೇ ಇರಬೇಕು. ಗುರುವಾರ ಗಾಡಿ ತರುತ್ತೇನೆ. ಬಂದ ಕೂಡಲೇ ನಿನ್ನ ಸೀಟಿಗೆ ಹತ್ತಿ ಕೂರಬೇಡ. ಸುತ್ತಿಕೊಂಡು ನನ್ನ ಬಾಗಿಲ ಹತ್ತಿರ ಬಾ, ಇಂಜಿನ್ ಆಫ್ ಮಾಡಿರುತ್ತೇನೆ, ಹಾಡೂ ಆಫ್. ಅಲ್ಲಿ ನಿಂತು ಅದೇ ಮಾತನ್ನು ಇನ್ನೊಂದು ಸಲ ಕೇಳು. ಬೇಡ ಅಂತ ಹೇಳುವುದಕ್ಕೇ ನಾನು ಬರುತ್ತಿರುವುದು.