ಯುಎಸ್‌ಬಿ ಪೋರ್ಟಿನೊಳಗಿನ ಕುಂಕುಮ

ಸಂಡೂರು ಭಾಗದ ಮಾಲಿನ್ಯದ ಅಹವಾಲು ಆಲಿಸುವ ಸಾಹೇಬರೇ,

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್ ಕೆಲಸ ಮಾಡಲಿಲ್ಲವೆಂದು ಯಶವಂತನಗರದ ಜಂಬವ್ವನ ಅರ್ಜಿಯನ್ನು ವಜಾ ಮಾಡಿದ್ದೀರಿ. "ಧೂಳಿಗೆ ಪುರಾವೆ ಇಲ್ಲ" ಎಂಬುದು ನಿಮ್ಮ ಆದೇಶದ ಸಾಲು. ಪುರಾವೆ ಪೆನ್‌ಡ್ರೈವಿನಲ್ಲಿತ್ತು, ಪೆನ್‌ಡ್ರೈವ್ ನಿಮ್ಮ ಮೇಜಿನ ಮೇಲಿತ್ತು. ಒಂದು ತೂತನ್ನು ನೋಡಿಕೊಳ್ಳಲಾಗದ ಕಚೇರಿ ಇಡೀ ಬೆಟ್ಟಸಾಲನ್ನು ಕಾಯುತ್ತದೆಯಂತೆ!

ಜಂಬವ್ವನ ಮನೆ ಕಬ್ಬಿಣದ ಅದಿರಿನ ಲಾರಿಗಳ ದಾರಿಗೇ ಅಂಟಿಕೊಂಡಿದೆ. ಕೂಸಿನ ಕೆಮ್ಮು ನೋಡಲಾಗದೆ ಸೊಸೆ ಗಂಗೋತ್ರಿ ಅದನ್ನು ಎತ್ತಿಕೊಂಡು ಕಂಪ್ಲಿಯ ತವರಿಗೆ ಹೋದಳು. ಲಾರಿಗಳು ಊರ ಹೊರಗೆ ತಿರುಗುವ ತನಕ ಬರುವುದಿಲ್ಲ ಎಂದಿದ್ದಾಳೆ. ಮೊಮ್ಮಗಳು ಮನೆಗೆ ಬರಬೇಕಾದರೆ ನಿಮ್ಮ ಸಹಿ ಬೇಕು. ಅದಕ್ಕೇ ಮುದುಕಿ ಸ್ಟುಡಿಯೋದವರಿಂದ ಕೆಂಪು ಧೂಳಿನ ವಿಡಿಯೋ ತೆಗೆಸಿ ತಂದಿದ್ದಳು.

ದಸರೆ ಮುಗಿದ ಮರುವಾರ ವಿಚಾರಣೆ. ಪೆನ್‌ಡ್ರೈವ್ ಚುಚ್ಚಿದರೆ ದೀಪ ಹತ್ತಲಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೂ ಇಲ್ಲ. ಆಕೆಯ ಜೊತೆ ಬಂದಿದ್ದ, ಕಂಪ್ಯೂಟರ್ ರಿಪೇರಿ ಮಾಡುವ ನಾನು, ಹಿಂಬದಿಯ ಪೋರ್ಟಿಗೆ ಹಾಕಿ ಎಂದೆ. "ಅಲ್ಲಿ ಪ್ರಿಂಟರ್ ಐತ್ರಿ. ಕಿತ್ರ ಆದೇಶ ಹೆಂಗ ಬರ್ತೈತಿ?" ಎಂದ ನಿಮ್ಮ ಗುಮಾಸ್ತ ಮರಿಸ್ವಾಮಿ. ವಿಚಾರಣೆಗೆ ಮೊದಲೇ ಆದೇಶಕ್ಕೆ ಜಾಗ ಕಾಯ್ದಿರಿಸುವ ಶಿಸ್ತು ಬೇರೆ ಯಾವ ಕಚೇರಿಯಲ್ಲಿದೆ?

ಮತ್ತೆ ಆರಿಸಿ, ಹಳೆಯ ಬ್ರಷ್ ಹಾಕಿ ಪೋರ್ಟ್ ಕೆರೆದೆ. ಮೇಜಿನ ಮೇಲೆ ಕೆಂಪು ಪುಡಿ ಉದುರಿತು.

"ಧೂಳಲ್ರಿ ಅದು! ಆಯುಧ ಪೂಜಿಗೆ ಹಚ್ಚಿದ್ ಕುಂಕುಮ," ಎಂದ ಮರಿಸ್ವಾಮಿ. ನೀವು ಗಂಭೀರವಾಗಿ ತಲೆಯಾಡಿಸಿದಿರಿ.

ಜಂಬವ್ವ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಹಂಗಾದ್ರ ನಮ್ಮ ಕೇರ್ಯಾಗ ದಿನಾ ಆಯುಧ ಪೂಜಿ ಏನಪ? ಉಣ್ಣೋ ಗಂಗಾಳಕ್ಕೂ ನೀವ ಬಂದು ಹಚ್ಚಿ ಹೋಗೀರೇನು?"

ಬಾಗಿಲ ಬಳಿ ಕಾದಿದ್ದವರೆಲ್ಲ ನಕ್ಕರು. ನಿಮಗೆ ನಗು ಬರಲಿಲ್ಲ.

ಕಂಪ್ಯೂಟರ್ ಹಚ್ಚಿದಾಗ ಪೆನ್‌ಡ್ರೈವಿನ ದೀಪ ಹತ್ತಿತು. ಪರದೆಯ ಮೇಲೆ ವಿಡಿಯೋದ ಹೆಸರೂ ಬಂತು. ಅಷ್ಟರಲ್ಲಿ ಪ್ರಿಂಟರಿನಿಂದ ಆದೇಶದ ಹಾಳೆ ಹೊರಬಿತ್ತು, ನೀವು ಎದ್ದಿರಿ: "ಟೈಮ್ ಆತು. ಆದೇಶ ಪ್ರಿಂಟ್ ಆಗೇತಿ." ಪೋರ್ಟ್ ರಿಪೇರಿಗೆ ಒಂದು ಬ್ರಷ್ ಸಾಕಾಯಿತು ಸಾಹೇಬರೇ. ನಿಮ್ಮ ರಿಪೇರಿಗೆ ಏನು ತರಬೇಕು, ಹೇಳಿ?

ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಮರುವಿಚಾರಣೆ ಜಂಬವ್ವನ ಮನೆಯ ಕಟ್ಟೆಯ ಮೇಲೆ, ಲಾರಿ ಓಡುವ ಹೊತ್ತಿನಲ್ಲೇ ನಡೆಯಲಿ. ಇಲ್ಲವಾದರೆ ಸೋಮವಾರದಿಂದ ನಾವು ಲಾರಿ ದಾರಿಗೆ ಅಡ್ಡ ಕೂರುತ್ತೇವೆ. ಮುಂದಿನ ಸಾಲಿನಲ್ಲಿ ಜಂಬವ್ವ ಇರುತ್ತಾಳೆ. "ಕೂಸು ಬರೋತನ ಏಳಂಗಿಲ್ಲ" ಎಂದಿದ್ದಾಳೆ. ಆಕೆಯನ್ನು ಎತ್ತಿ ಹಾಕಲು ಪೊಲೀಸರನ್ನು ಕರೆಸುವಾಗ ನಿಮ್ಮ ಫೋನ್ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅಷ್ಟು ನಂಬಿಕೆ ನಮಗಿದೆ.

ಇಂತಿ,
ನಿಮ್ಮನ್ನು ಇನ್ನೂ ಸಾಹೇಬರೇ ಎನ್ನುತ್ತಿರುವ ನಾಚಿಕೆಯೊಂದಿಗೆ,
ಹುಸೇನಪ್ಪ
ಹೊಸಪೇಟೆ, 2008