ಬರಿ ಹೆಬ್ಬೆರಳು

ಉಲ್ಮ್, ಸೋಮವಾರ

ಅಪ್ಪಾ,

ಚೆನ್ನಾಗಿದ್ದೀನಿ. ಇಲ್ಲಿ ನಮ್ಮೂರಿನ ಸಮುದ್ರದ ಗಾಳಿಯೇ ಇಲ್ಲ. ಬೇಳೆಗೆ ಶಾವಿಗೆ ಕಲಸಿ ತಿಂತಾರೆ, ಹೊಟ್ಟೆ ಒಗ್ಗಿಕೊಂಡಿದೆ.

ನಮ್ಮ ಕಾರ್ಖಾನೆಯಲ್ಲಿ ಜಲಜನಕದಿಂದ ಕರೆಂಟು ತೆಗೆಯೋ ಫ್ಯೂಯೆಲ್ ಸೆಲ್ ಮಾಡ್ತೀವಿ, ಅದರ ತಗಡು ಕೂದಲಷ್ಟು ತೆಳು. ಪ್ರೆಸ್ಸು ಒಂದೇ ಏಟಿಗೆ ಅದರಲ್ಲಿ ಜಲಜನಕ ಹರಿಯೋ ಕಾಲುವೆಗಳನ್ನ ಮೂಡಿಸುತ್ತೆ, ಆಮೇಲೆ ಲೇಪನ. ಬರಿಗೈ ಸೋಕಿಸೋ ಹಾಗಿಲ್ಲ, ಬೆರಳಿನ ಜಿಡ್ಡು ತಗುಲಿದ ಕಡೆ ಲೇಪನ ಹಿಡಿಯಲ್ಲ. ನಾನೋ, ಮನೆ ಮಾಡಿಗೆ ತಗಡು ಹೊದಿಸುವವನ ಮಗಳು! "ಅಂಚು ಹೇಗಿದೆ ಅಂತ ಕಣ್ಣನ್ನ ಕೇಳಬೇಡ, ಹೆಬ್ಬೆರಳನ್ನ ಕೇಳು" ಅಂತಿದ್ದೆಯಲ್ಲ, ಲೇಪನಕ್ಕೆ ಮುಂಚೆ ಗ್ಲೌಸ್ ಕಳಚಿ ಸವರಿಬಿಟ್ಟೆ. ಆ ತಗಡಿನ ಲೇಪನ ನನ್ನ ಹೆಬ್ಬೆರಳಿನ ಆಕಾರಕ್ಕೇ ಕಿತ್ತುಬಂತು. ಕೆಲಸ ಹೋಯ್ತು ಅಂದುಕೊಂಡೆ.

ಮೇಸ್ತ್ರಿ ಟ್ರೂಬ್ನರ್ ಬೈಯಲಿಲ್ಲ. "ನಿಮ್ಮಪ್ಪಂದು ಏನ್ ಕಸುಬಮ್ಮ?" ಅಂದರು. ಹೇಳಿದೆ. ಡ್ರಾಯರಿನಿಂದ ಅಂಥದೇ ಹೆಬ್ಬೆರಳಿನ ಕಲೆಯ ಹಳೇ ತಗಡೊಂದನ್ನ ತೆಗೆದರು. "ಇದು ನಂದು. ನಮ್ಮಪ್ಪನೂ ತಗಡಿನವನೇ."

ದಿನವಿಡೀ ಗ್ಲೌಸಿನಲ್ಲಿ ಬಚ್ಚಿಟ್ಟ ಬೆರಳಿಗೆ ಮಸಿ ಹಚ್ಚಿ ಈ ಕಾಗದದ ಮೂಲೆಯಲ್ಲಿ ಒತ್ತಿದ್ದೀನಿ. ಸವರಿ ನೋಡು.

ನಿನ್ನ ಮರೈಕೆ