ನಿನ್ನ ಮಾತಿಗೆ ನಾನು ಒತ್ತಿದ ಗಂಟೆ

ಬ್ರಷಿ ಫೋರ್ಕ್,
ಮಾರ್ಚ್ ೮, ಭಾನುವಾರ

ಪ್ರೀತಿಯ ಮಗಳು ಡೆಲ್ಸಿಗೆ,

ಮೈ ಹೇಗಿದೆ ಮಗಾ? ಶಿಕಾಗೋದಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ, ತಲೆಗೆ ಏನೂ ಸುತ್ತಿಕೊಳ್ಳದೆ ಓಡಾಡಬೇಡ. ರಕ್ತ ಕಡಿಮೆ ಎಂದಿದ್ದರಲ್ಲ, ಗುಳಿಗೆ ತಪ್ಪಿಸಬೇಡ. ಅಮ್ಮನ ಆರೋಗ್ಯ ಪರವಾಗಿಲ್ಲ. ಇವತ್ತು ಚರ್ಚಿನ ಊಟಕ್ಕೆ ಪೀಚ್ ಹಣ್ಣಿನ ಪೈ ಮಾಡಿದ್ದಳು. ನಾನು ಊಟಕ್ಕೆ ನಿಲ್ಲದೆ ಬಂದುಬಿಟ್ಟೆ. ಜನರ ಮುಖ ನೋಡಲಾಗಲಿಲ್ಲ.

ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಶಾಸನಸಭೆಯ ಸಮಿತಿಯಲ್ಲಿ ಸಮಯ ನೋಡಿ ಗಂಟೆ ಒತ್ತುವುದೇ ನನ್ನ ಉದ್ಯೋಗ. ಅಂದು ಗರ್ಭಪಾತ ನಿಷೇಧ ಕಾನೂನಿನ ತಿದ್ದುಪಡಿ ಬಂದಿತ್ತು: ಮಗು ಉಳಿಯುವುದಿಲ್ಲವೆಂದು ಖಚಿತವಾದರೆ, ತಾಯಿ ಸಾಯುವ ಹಂತಕ್ಕೆ ಬರುವವರೆಗೆ ವೈದ್ಯರು ಕಾಯಬೇಕಿಲ್ಲ ಎಂಬ ವಿನಾಯಿತಿ. ಮಾತಾಡಲು ಬಂದ ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ನೀನು ಬರುತ್ತೀಯೆಂದು ನನಗೆ ಗೊತ್ತಿರಲಿಲ್ಲ. ಗಂಡನ ಮನೆಯ ಹೆಸರಿನಿಂದ ಕರೆದಾಗ ಎದ್ದು ಬಂದವಳು ನೀನು. ಪಕ್ಕದಲ್ಲಿದ್ದ ಕಾವಲಿನ ಹೋಯ್ಟ್, "ಈ ಹುಡುಗಿ ಮೂಗು ನಿನ್ನ ಥರಾನೇ ಇದೆಯಲ್ಲೋ ವರ್ಲಿನ್, ನಿಮ್ಮ ಕಡೆಯವಳಾ?" ಅಂದ. ನಾನು ಇಲ್ಲವೆಂದು ತಲೆಯಾಡಿಸಿದೆ.

ನೀವಿನ್ನೂ ಈ ರಾಜ್ಯದಲ್ಲೇ ಇದ್ದಾಗ ತಿಂಗಳು ತುಂಬುವ ಮೊದಲೇ ಬಸಿರಿನ ನೀರು ಒಡೆದದ್ದು, ವಕೀಲರನ್ನು ಕೇಳಬೇಕೆಂದು ಆಸ್ಪತ್ರೆಯವರು ವಾಪಸ್ ಕಳಿಸಿದ್ದು, ಕಾರಿನಲ್ಲಿ ಜ್ವರದಿಂದ ನಡುಗಿದ್ದು, ಎಲ್ಲವನ್ನೂ ನಾನು ಪೂರ್ತಿಯಾಗಿ ಕೇಳಿದ್ದು ಅಲ್ಲೇ. ಮನೆಯಲ್ಲಿ ನೀನು ಆ ಮಾತೆತ್ತಿದರೆ ನಾನು ಅಂಗಳದ ಹುಲ್ಲು ಕತ್ತರಿಸಲು ಹೊರಡುತ್ತಿದ್ದೆನಲ್ಲ. ಮಗುವಿಗೆ ಯಾವ ಹೆಸರು ಯೋಚಿಸಿದ್ದಿರೆಂದು ಹೇಳುವಷ್ಟರಲ್ಲಿ ಸಮಯ ಮುಗಿಯಿತು. ಅಧ್ಯಕ್ಷರು ನನ್ನ ಕಡೆ ನೋಡಿದರು. ಕೈ ತಾನಾಗಿಯೇ ಹೋಯಿತು ಎಂದು ಸುಳ್ಳು ಹೇಳಲಾರೆ; ನಾನೇ ಒತ್ತಿದೆ. ನೀನು ನನ್ನನ್ನೇ ನೋಡಿ, "ಆಯ್ತು ಸರ್, ಮುಗಿಸ್ತೀನಿ" ಅಂದೆ.

ಸಮಿತಿಯ ನೌಕರರು ಯಾರ ಪರವೂ ಇರುವಂತಿಲ್ಲ; ನನ್ನ ಕೆಲಸಕ್ಕೆ ಕುತ್ತು ಬರಬಾರದೆಂದು ನೀನು ಹಾಗೆ ಕರೆದೆ, ಗೊತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆತ್ತ ಮಗಳ ಬಾಯಲ್ಲಿ ಸರ್ ಎನಿಸಿಕೊಂಡು ಕುರ್ಚಿಯಲ್ಲಿ ಕೂತೇ ಇದ್ದೆನಲ್ಲ, ಅದನ್ನು ತಡೆದುಕೊಳ್ಳಲಾಗುತ್ತಿಲ್ಲ.

ತಿದ್ದುಪಡಿ ಒಂದೇ ಮತದಿಂದ ನಮ್ಮ ಸಮಿತಿಯನ್ನು ದಾಟಿತು. ನಾನು ಹಜಾರಕ್ಕೆ ಬರುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಎತ್ತುತ್ತಾ, "ಅವಳು ನಿಮ್ಮನ್ನ ಉಳಿಸಿದ್ಲು. ನೀವೇನ್ ಮಾಡಿದ್ರಿ?" ಅಂದಳು.

ಅಳಿಯನಿಗೆ ನನ್ನ ನೆನಪು ತಿಳಿಸು. ದೇವರು ನಿನ್ನ ಮೈಮನಸ್ಸು ಎರಡನ್ನೂ ಕಾಯಲಿ.

ನಿನ್ನ ಅಪ್ಪ,
ವರ್ಲಿನ್

ತಾ.ಕ.: ಗುರುವಾರ ಅದೇ ತಿದ್ದುಪಡಿ ಮೇಲ್ಮನೆಯಾದ ಸೆನೆಟ್‌ನ ಸಮಿತಿಗೆ ಬರುತ್ತದೆ; ಅಲ್ಲಿ ಮಾತಾಡಲು ನನ್ನ ಹೆಸರು ಕೊಟ್ಟಿದ್ದೇನೆ. ಕೆಲಸ ಹೋದರೆ ಹೋಗಲಿ. ನಿನ್ನ ಹೆಸರು ಹೇಳಬಹುದೇ, ಫೋನ್ ಮಾಡಿ ತಿಳಿಸು. ಬೇಡವೆಂದರೆ 'ನನ್ನ ಮಗಳು' ಎಂದಷ್ಟೇ ಹೇಳುತ್ತೇನೆ. ಅದನ್ನೂ ಬೇಡ ಅನ್ನಬೇಡ.